ಜಿಲ್ಲೆಯ ಲೆಕ್ಕದಲ್ಲಿ ಕಾಣದ ಓಣಿ



ನಮ್ಮ ಪಟ್ಟಣಗಳಲ್ಲಿ ಆಗಾಗ ಕಾಣಸಿಗುವ ಒಂದು ದೃಶ್ಯದಿಂದ ಮಾತು ಆರಂಭಿಸುತ್ತೇವೆ. ಮೊಹಲ್ಲಾದ ಹತ್ತು ಮಂದಿ ಹಿರಿಯರು ಮನವಿ ಪತ್ರ ಹಿಡಿದು ಪುರಸಭೆಗೆ ಹೋಗುತ್ತಾರೆ. ನಮ್ಮ ಭಾಗಕ್ಕೆ ನೀರಿಲ್ಲ, ಪ್ರೌಢಶಾಲೆಯಿಲ್ಲ, ನಮಗೆ ಅನ್ಯಾಯವಾಗಿದೆ ಎನ್ನುತ್ತಾರೆ. ಅಧಿಕಾರಿಯು ಕಡತ ತೆರೆದು, ಪಟ್ಟಣದಲ್ಲಿ ಒಟ್ಟು ಎಷ್ಟು ನಲ್ಲಿ ಸಂಪರ್ಕಗಳಿವೆ, ಎಷ್ಟು ಶಾಲೆಗಳಿವೆ ಎಂದು ಓದಿ ಹೇಳುತ್ತಾರೆ. ಆ ಲೆಕ್ಕದಲ್ಲಿ ತಪ್ಪಿರುವುದಿಲ್ಲ. ಉತ್ತರ ತೋಚದೆ ನಮ್ಮವರು ಚಹಾ ಕುಡಿದು ಮರಳುತ್ತಾರೆ. ಅನ್ಯಾಯವೂ ನಿಜ, ಲೆಕ್ಕವೂ ನಿಜ. ಇದು ಹೇಗೆ ಸಾಧ್ಯ? ಇದಕ್ಕೆ ಉತ್ತರವಿರುವುದು ನಾವು ಕೇವಲ ರಾಜಧಾನಿಗಳ ಹೆಸರು ಬಾಯಿಪಾಠ ಮಾಡುವ ವಿಷಯವೆಂದು ತಿಳಿದಿರುವ ಭೂಗೋಳದಲ್ಲಿ.

1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಸೋಹೋ ಪ್ರದೇಶದಲ್ಲಿ ಕಾಲರಾ ಹರಡಿತು. ಕೆಲವೇ ವಾರಗಳಲ್ಲಿ ಆರುನೂರಕ್ಕೂ ಅಧಿಕ ಮಂದಿ ಸತ್ತರು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆಂಬುದು ಅಂದಿನ ವೈದ್ಯರ ನಂಬಿಕೆಯಾಗಿತ್ತು. ಬಡವರ ಕೊಳಕುತನವನ್ನು ದೂರಲು ಅದು ಅನುಕೂಲವೂ ಆಗಿತ್ತು. ಜಾನ್ ಸ್ನೋ ಎಂಬ ವೈದ್ಯರು ಮಾತ್ರ ಸತ್ತವರು ಎಲ್ಲಿ ವಾಸಿಸುತ್ತಿದ್ದರು, ಎಲ್ಲಿಯ ನೀರು ಕುಡಿಯುತ್ತಿದ್ದರು ಎಂದು ವಿಚಾರಿಸುತ್ತಾ ಹೋದರು. ಸಾವುಗಳು ಬ್ರಾಡ್ ಸ್ಟ್ರೀಟಿನ ಒಂದು ಕೈಪಂಪಿನ ಸುತ್ತ ದಟ್ಟವಾಗಿದ್ದವು. ಆ ಬಳಿಕ ಅವರು ಮುದ್ರಿಸಿದ ನಕ್ಷೆಯಲ್ಲಿ ಪ್ರತಿ ಸಾವಿಗೂ ಒಂದೊಂದು ಕಪ್ಪು ಗೆರೆ, ಆಯಾ ಮನೆಯ ಜಾಗದಲ್ಲಿಯೇ ಎಳೆಯಲ್ಪಟ್ಟಿದೆ.

ಸ್ನೋ ಅವರು ಸಾವಿಲ್ಲದ ಜಾಗಗಳನ್ನೂ ಗಮನಿಸಿದ್ದು ನಮಗೆ ಹೆಚ್ಚು ಮುಖ್ಯವೆನಿಸುತ್ತದೆ. ಸಮೀಪದಲ್ಲೇ ಇದ್ದ ಬಡವರ ಆಶ್ರಯಗೃಹವೊಂದರಲ್ಲಿ 535 ಮಂದಿಯಿದ್ದರು. ಸತ್ತವರು ಐವರು ಮಾತ್ರ. ಅಲ್ಲಿ ಸ್ವಂತ ಬಾವಿಯಿತ್ತು. ಅದೇ ಗಾಳಿ, ಅದೇ ಬಡತನ, ಆದರೆ ಬೇರೆ ನೀರು. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಓರ್ವ ವಿಧವೆ ಮಾತ್ರ ಕಾಲರಾದಿಂದ ಸತ್ತರು. ಬ್ರಾಡ್ ಸ್ಟ್ರೀಟ್ ನೀರಿನ ರುಚಿ ಹಿಡಿದಿದ್ದ ಆಕೆ ಅದನ್ನು ಮನೆಗೆ ತರಿಸಿಕೊಳ್ಳುತ್ತಿದ್ದರು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ಕಳಚಲಾಯಿತು. ಅಷ್ಟರಲ್ಲಿ ರೋಗ ಇಳಿಮುಖವಾಗಿತ್ತೆಂಬುದನ್ನೂ ಹೇಳಬೇಕು. ಆದರೂ ದೋಷವು ಬಡವರ ನಡತೆಯಲ್ಲಲ್ಲ, ಅವರಿಗೆ ದೊರೆಯುವ ನೀರಿನಲ್ಲಿದೆ ಎಂಬುದಕ್ಕೆ ಬಲವಾದ ಪುರಾವೆ ಸಿಕ್ಕಿತು.

ಇನ್ನು ನಮ್ಮ ದೇಶಕ್ಕೆ ಬರೋಣ. 2006ರಲ್ಲಿ ಸಾಚಾರ್ ಸಮಿತಿಯು ವರದಿ ನೀಡಿದ ನಂತರ ಕೇಂದ್ರ ಸರಕಾರವು 90 ಜಿಲ್ಲೆಗಳನ್ನು ಅಲ್ಪಸಂಖ್ಯಾತರು ಹೆಚ್ಚಿರುವ ಜಿಲ್ಲೆಗಳೆಂದು ಗುರುತಿಸಿ 2008-09ರಿಂದ ಅಭಿವೃದ್ಧಿ ಯೋಜನೆಯನ್ನು ಜಾರಿಗೊಳಿಸಿತು. ನಮ್ಮ ರಾಜ್ಯದ ಗುಲ್ಬರ್ಗ ಮತ್ತು ಬೀದರ್ ಆ ಪಟ್ಟಿಯಲ್ಲಿದ್ದವು. ವಿಪರ್ಯಾಸವೆಂದರೆ, ಹಣವು ಜಿಲ್ಲೆಯೊಳಗೆ ಖರ್ಚಾದರೆ ಸಾಕಿತ್ತು. ಅದು ಯಾವ ಓಣಿಗೆ ತಲುಪಿತೆಂದು ಕೇಳುವ ಅಗತ್ಯವಿರಲಿಲ್ಲ. ಈ ಬಗ್ಗೆ ಟೀಕೆಗಳು ಹೆಚ್ಚಿದ ಬಳಿಕ 2013-14ರಲ್ಲಿ ಜಿಲ್ಲೆಯ ಬದಲಿಗೆ 710 ಬ್ಲಾಕ್‌ಗಳನ್ನೂ 66 ಪಟ್ಟಣಗಳನ್ನೂ ಘಟಕವಾಗಿ ಪರಿಗಣಿಸಲಾಯಿತು. ಆದರೆ ಪಟ್ಟಣವೂ ಓಣಿಯಲ್ಲ.

ಸ್ಯಾಮ್ ಆಷರ್, ಪಾಲ್ ನೊವೊಸಾಡ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಅಧ್ಯಯನವು ಓಣಿಯವರೆಗೆ ಇಳಿಯಿತು. ದೇಶದ ಸುಮಾರು 15 ಲಕ್ಷ ನೆರೆಹೊರೆಗಳ ಮಾಹಿತಿಯನ್ನು ಅವರು ಪರಿಶೀಲಿಸಿದರು. ಮಾಹಿತಿ 2012-13ರ ಆಸುಪಾಸಿನದು. ಮುಸ್ಲಿಮರಲ್ಲಿ ಶೇಕಡಾ 26 ಮಂದಿ, ಶೇಕಡಾ 80ಕ್ಕಿಂತ ಹೆಚ್ಚು ಮುಸ್ಲಿಮರೇ ಇರುವ ನೆರೆಹೊರೆಗಳಲ್ಲಿ ವಾಸಿಸುತ್ತಾರೆ. ಒಂದೇ ನಗರದೊಳಗೆ ಮುಸ್ಲಿಮರಿಲ್ಲದ ನೆರೆಹೊರೆಗೆ ಹೋಲಿಸಿದರೆ, ಪೂರ್ಣ ಮುಸ್ಲಿಮ್ ನೆರೆಹೊರೆಯಲ್ಲಿ ಪ್ರೌಢಶಾಲೆಯಿರುವ ಸಾಧ್ಯತೆ ಅರ್ಧದಷ್ಟು ಮಾತ್ರ. ಕೊಳವೆ ನೀರಿನ ವ್ಯವಸ್ಥೆಯ ಸಾಧ್ಯತೆ ಶೇಕಡಾ 10ರಷ್ಟು ಕಡಿಮೆ. ಪರಿಶಿಷ್ಟ ಜಾತಿಯವರ ಕೇರಿಗಳ ಕಥೆಯೂ ಬಹುತೇಕ ಇದೇ. ಜಿಲ್ಲೆ, ಪಟ್ಟಣಗಳ ಒಟ್ಟು ಲೆಕ್ಕದಲ್ಲಿ ಈ ಅಂತರ ಬಹುಮಟ್ಟಿಗೆ ಮರೆಯಾಗುತ್ತದೆ. ಅಧಿಕಾರಿಯ ಕಡತದಲ್ಲಿ ತಪ್ಪಿಲ್ಲದಿದ್ದರೂ ನಮ್ಮ ಮಗಳು ಎಂಟನೆಯ ತರಗತಿಗೆ ಎರಡು ಕಿಲೋಮೀಟರ್ ನಡೆಯಬೇಕಾಗಿ ಬರುವುದು, ಕೊನೆಗೆ ಶಾಲೆಯನ್ನೇ ಬಿಡುವುದು ಹೀಗೆ.

ಹಾಗೆಂದು ನಕ್ಷೆಯು ಸದಾ ದುರ್ಬಲರ ಪರವಾಗಿಯೇ ಇರುತ್ತದೆಂದು ಭಾವಿಸಬಾರದು. 1930ರ ದಶಕದಲ್ಲಿ ಅಮೆರಿಕಾದ ಸರಕಾರಿ ಸಾಲ ಸಂಸ್ಥೆಯೊಂದು 200ಕ್ಕೂ ಅಧಿಕ ನಗರಗಳ ನಕ್ಷೆ ತಯಾರಿಸಿ, ಕರಿಯರು ವಾಸಿಸುವ ಬಡಾವಣೆಗಳಿಗೆ ಬಹುತೇಕ ಎಲ್ಲೆಡೆ ಕೆಂಪು ಬಣ್ಣ ಬಳಿಯಿತು. ಕೆಂಪೆಂದರೆ ಸಾಲಕ್ಕೆ ಅಪಾಯಕಾರಿ ಎಂದರ್ಥ. 1968ರ ಕಾನೂನು ಇಂತಹ ತಾರತಮ್ಯವನ್ನು ನಿಷೇಧಿಸಿತು. ಆದರೆ 2020ರಲ್ಲಿ ಸಂಶೋಧಕರು 108 ನಗರಗಳ ಹಳೆಯ ನಕ್ಷೆಗಳ ಮೇಲೆ ಉಪಗ್ರಹದಿಂದ ಪಡೆದ ಬೇಸಿಗೆಯ ತಾಪಮಾನವನ್ನು ಇಟ್ಟು ನೋಡಿದಾಗ, ಕೆಂಪು ಬಡಾವಣೆಗಳ ನೆಲ ಸರಾಸರಿ 2.6 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿತ್ತು. ಮರಗಳು ಕಡಿಮೆ, ಡಾಂಬರು ಮತ್ತು ಕಾಂಕ್ರೀಟು ಹೆಚ್ಚು. ತಗಡಿನ ಮಾಡಿನ ಕೆಳಗೆ ಏಪ್ರಿಲ್ ಮಧ್ಯಾಹ್ನ ಕಳೆಯುವ ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಅಲ್ ಇದ್ರೀಸಿ ಜಗತ್ತಿನ ನಕ್ಷೆ ಬರೆದರೆಂದು ನಾವು ಸಭೆಗಳಲ್ಲಿ ಹೆಮ್ಮೆಪಡುತ್ತೇವೆ. ನಮ್ಮ ಓಣಿಯ ನಕ್ಷೆ ಮಾತ್ರ ನಮ್ಮ ಬಳಿಯಿಲ್ಲ! 2021ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಹೊಸ ಮಾರ್ಗಸೂಚಿ ಪ್ರಕಟಿಸಿ, ನಕ್ಷೆ ತಯಾರಿಗೆ ಪೂರ್ವಾನುಮತಿ ಪಡೆಯಬೇಕೆಂಬ ನಿರ್ಬಂಧವನ್ನು ಭಾರತೀಯರ ಮಟ್ಟಿಗೆ ಸಡಿಲಿಸಿದೆ. ಸೂಕ್ಷ್ಮ ಸ್ಥಳಗಳ ವಿಷಯದಲ್ಲಿ ಕೆಲವು ಮಿತಿಗಳಿವೆ, ಅಷ್ಟೆ. ಮೊಬೈಲ್ ಹಿಡಿದ ಕಾಲೇಜು ಯುವಕ ಯುವತಿಯರು ನಾಲ್ಕು ಭಾನುವಾರಗಳಲ್ಲಿ ಒಂದು ವಾರ್ಡನ್ನು ಗುರುತಿಸಿ ಮುಗಿಸಬಲ್ಲರು. ಸಾರ್ವಜನಿಕ ನಲ್ಲಿ, ಅಂಗನವಾಡಿ, ತೆರೆದ ಚರಂಡಿ, ಕಸದ ರಾಶಿ, ಹತ್ತಿರದ ಪ್ರೌಢಶಾಲೆ, ನೆರಳಿನ ಮರ, ಎಲ್ಲವೂ ಬರಲಿ. ನೀರು ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತದೆಂಬುದನ್ನು ಮನೆಯ ಮಹಿಳೆಯರಲ್ಲಿ ಕೇಳಬೇಕು. ಮಸೀದಿ ಕಮಿಟಿಯ ಸದಸ್ಯರಿಗೆ ಅದು ತಿಳಿದಿರುವುದಿಲ್ಲ.

ಎರಡು ವಿಷಯಗಳಲ್ಲಿ ಎಚ್ಚರವಿರಲಿ. ಯಾವ ಮನೆಯಲ್ಲಿ ಯಾರು ವಾಸಿಸುತ್ತಾರೆಂದು ಖಂಡಿತ ಬರೆಯಬಾರದು. ಅಂತಹ ನಕ್ಷೆ ಯಾರ ಕೈಗೆ ಸೇರೀತೆಂದು ಹೇಳಲಾಗದು. ಅಲ್ಲದೆ, ನಮ್ಮ ಮೊಹಲ್ಲಾದ ಗಡಿಯಲ್ಲಿ ಕೆಲಸ ನಿಲ್ಲಿಸಬಾರದು. ಪಕ್ಕದ ದಲಿತ ಕೇರಿಯೂ, ಅದರಾಚೆಯ ಅನುಕೂಲಸ್ಥರ ಬಡಾವಣೆಯೂ ಅದೇ ಹಾಳೆಯಲ್ಲಿರಬೇಕು. ಹೋಲಿಕೆಯಿಲ್ಲದೆ ಅಂತರ ಕಾಣುವುದಿಲ್ಲ. ಆ ಹಾಳೆಯ ಪ್ರತಿಯೊಂದನ್ನು ಮನವಿ ಪತ್ರಕ್ಕೆ ಲಗತ್ತಿಸಿ ಪುರಸಭೆಗೆ ಹೋಗೋಣ. ಅಧಿಕಾರಿಯು ಒಟ್ಟು ಲೆಕ್ಕ ಓದಿ ಮುಗಿಸಿದಾಗ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿ, ಕೊಳವೆ ಎಲ್ಲಿಗೆ ಬಂದು ನಿಂತಿದೆಯೆಂದು ಬೆರಳಿಟ್ಟು ತೋರಿಸೋಣ.