ವೋಲ್ಟ್, ಆಂಪಿಯರ್ ಮತ್ತು ಪಂಪ್‌ಸೆಟ್ಟಿನ ಆಯುಷ್ಯ



ಬೇಸಿಗೆಯಲ್ಲಿ ಬೆಳೆ ನೀರು ಬೇಡುವ ಹೊತ್ತಿಗೇ ಪಂಪಿನ ಮೋಟಾರು ಸುಟ್ಟುಹೋಗುವುದುಂಟು. ಮೋಟಾರನ್ನು ಮೇಲೆತ್ತಿ, ಸುರುಳಿ ಕಟ್ಟಿಸಿ, ಮತ್ತೆ ಇಳಿಸುವಷ್ಟರಲ್ಲಿ ಬೆಳೆ ಬಾಡಿರುತ್ತದೆ. ಪ್ಯಾನೆಲ್ ಬೋರ್ಡಿನಲ್ಲಿರುವ ಎರಡು ಮೀಟರುಗಳನ್ನು ಓದಿ, ಸಣ್ಣ ಲೆಕ್ಕ ಮಾಡಲು ಕಲಿತರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಮೂರು ಅಳತೆಗಳು

ಎತ್ತರದ ತೊಟ್ಟಿಯಿಂದ ಪೈಪಿನಲ್ಲಿ ನೀರು ಹರಿಯುವುದನ್ನು ನೆನೆಯಿರಿ. ತೊಟ್ಟಿ ಎತ್ತರವಿದ್ದಷ್ಟೂ ನೀರಿನ ಒತ್ತಡ ಹೆಚ್ಚು. ಪೈಪು ಸಣ್ಣದಾದಷ್ಟೂ ತಡೆ ಹೆಚ್ಚು. ವಿದ್ಯುತ್ತಿನಲ್ಲಿ ಒತ್ತಡದ ಅಳತೆ ವೋಲ್ಟ್, ಹರಿವಿನ ಅಳತೆ ಆಂಪಿಯರ್, ತಡೆಯ ಅಂದರೆ ರೋಧದ ಅಳತೆ ಓಮ್. ಇವುಗಳ ಸಂಬಂಧವನ್ನು ಜರ್ಮನಿಯ ವಿಜ್ಞಾನಿ ಓಮ್ 1827ರಲ್ಲಿ ಪ್ರಕಟಿಸಿದನು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್, ಅಂದರೆ ಶಕ್ತಿ.

ಮೈಸೂರಿನ ರಾಮಕೃಷ್ಣನಗರದ ಒಂದು ಮನೆಯಲ್ಲಿ 230 ವೋಲ್ಟಿನ, 2,000 ವ್ಯಾಟಿನ ನೀರು ಕಾಯಿಸುವ ಗೀಸರ್ ಇದೆಯೆನ್ನಿ. 2,000ವನ್ನು 230ರಿಂದ ಭಾಗಿಸಿದರೆ 8.7 ಆಂಪಿಯರ್. 230ನ್ನು 8.7ರಿಂದ ಭಾಗಿಸಿದರೆ ರೋಧ ಸುಮಾರು 26.4 ಓಮ್. ವೋಲ್ಟೇಜ್ 180ಕ್ಕೆ ಇಳಿದರೆ ಹರಿವು 6.8 ಆಂಪಿಯರಿಗೂ, ಶಕ್ತಿ ಸುಮಾರು 1,225 ವ್ಯಾಟಿಗೂ ಇಳಿಯುತ್ತದೆ. ನೀರು ನಿಧಾನವಾಗಿ ಕಾಯುತ್ತದೆ, ಗೀಸರಿಗೆ ಅಪಾಯವಿಲ್ಲ.

ಮೋಟಾರಿನ ರೀತಿ ಬೇರೆ

ಮೋಟಾರು ಹಾಗಲ್ಲ. ವೋಲ್ಟೇಜ್ ಇಳಿದರೂ ಅದು ಹೆಚ್ಚುಕಡಿಮೆ ಅಷ್ಟೇ ನೀರನ್ನು ಅಷ್ಟೇ ಎತ್ತರಕ್ಕೆ ಎತ್ತಬೇಕು. ಆದ್ದರಿಂದ ಹೆಚ್ಚು ಆಂಪಿಯರ್ ಎಳೆಯುತ್ತದೆ. ಓಡುತ್ತಿರುವ ಮೋಟಾರಿನ ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಸುರುಳಿಯ ರೋಧ ಸಿಗುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. 5 ಅಶ್ವಶಕ್ತಿಯ ಮೂರು ಫೇಸಿನ ಮೋಟಾರು 3,730 ವ್ಯಾಟಿನಷ್ಟು ಕೆಲಸ ಕೊಡಬೇಕು. ಅದರ ದಕ್ಷತೆ ಶೇಕಡ 80, ಪವರ್ ಫ್ಯಾಕ್ಟರ್ 0.85 ಎಂದಿಟ್ಟುಕೊಂಡರೆ, 415 ವೋಲ್ಟಿನಲ್ಲಿ ಅದು ಸುಮಾರು 7.6 ಆಂಪಿಯರ್ ಎಳೆಯುತ್ತದೆ. ಮೂರು ಫೇಸಿನ ಲೆಕ್ಕಕ್ಕೆ ವೋಲ್ಟ್, ಆಂಪಿಯರ್, ಪವರ್ ಫ್ಯಾಕ್ಟರ್ ಮೂರನ್ನೂ ಗುಣಿಸಿ ಮತ್ತೆ 1.732ರಿಂದ ಗುಣಿಸಬೇಕು, ಆಗ ಸುಮಾರು 4,640 ವ್ಯಾಟ್ ಬರುತ್ತದೆ.

ವೋಲ್ಟೇಜ್ 350ಕ್ಕೆ ಇಳಿದರೆ ಇದೇ ಮೋಟಾರು ಸುಮಾರು 9 ಆಂಪಿಯರ್ ಎಳೆಯುತ್ತದೆ. ಸುರುಳಿಯಲ್ಲಿ ಹುಟ್ಟುವ ಶಾಖವನ್ನು ತಿಳಿಯಲು ಆಂಪಿಯರನ್ನು ಆಂಪಿಯರಿನಿಂದಲೇ ಗುಣಿಸಿ, ಬಂದುದನ್ನು ರೋಧದಿಂದ ಗುಣಿಸಬೇಕು. ಹೀಗಾಗಿ 7.6 ಆಂಪಿಯರ್ 9 ಆದಾಗ ಶಾಖ ಶೇಕಡ 40ರಷ್ಟು ಏರುತ್ತದೆ. ಸುರುಳಿಯ ಹೊದಿಕೆ ಬೆಂದು ಮೋಟಾರು ಸುಡುವುದು ಹೀಗೆ.

ತಂತಿಯಲ್ಲಿ ಸೋರುವ ಶಕ್ತಿ

ಮೀಟರಿನಿಂದ ಬಾವಿಗೆ 200 ಮೀಟರ್ ದೂರವಿದ್ದು, 2.5 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಹಾಕಿದ್ದರೆ ಪ್ರತಿ ಎಳೆಯ ರೋಧ ಸುಮಾರು 1.5 ಓಮ್. ಇದೇ ಮೋಟಾರು ಓಡುವಾಗ ದಾರಿಯಲ್ಲೇ 20 ವೋಲ್ಟ್ ಕುಸಿದು, 260 ವ್ಯಾಟ್ ಬರಿಯ ಶಾಖವಾಗುತ್ತದೆ. 6 ಚದರ ಮಿಲಿಮೀಟರಿನ ಕೇಬಲಾದರೆ ಕುಸಿತ ಸುಮಾರು 8 ವೋಲ್ಟ್, ನಷ್ಟ ಸುಮಾರು 107 ವ್ಯಾಟ್. ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪಿಗೆ ವಿದ್ಯುತ್ ಉಚಿತವೆಂದು ಈ ನಷ್ಟವನ್ನು ಕಡೆಗಣಿಸುವಂತಿಲ್ಲ. ಕುಸಿದ ವೋಲ್ಟಿನ ಪೆಟ್ಟು ಮೋಟಾರಿಗೇ ಬೀಳುತ್ತದೆ.

ಈ ಸೂತ್ರ ನಮ್ಮ ನಾಡಿಗೆ ಹಳೆಯದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಒಯ್ದರು. ಅಷ್ಟೇ ಶಕ್ತಿಯನ್ನು ಹತ್ತು ಪಟ್ಟು ವೋಲ್ಟಿನಲ್ಲಿ ಕಳುಹಿಸಿದರೆ ಆಂಪಿಯರ್ ಹತ್ತನೆಯ ಒಂದು ಪಾಲು, ಅದೇ ತಂತಿಯಲ್ಲಿನ ನಷ್ಟ ನೂರನೆಯ ಒಂದು ಪಾಲು. ಇಂದು 11,000 ವೋಲ್ಟಿನ ಮಾರ್ಗವನ್ನು ಟಿ.ಸಿ.ವರೆಗೆ ಎಳೆಯುವುದೂ ಇದಕ್ಕಾಗಿಯೇ.

ರೈತರು ಮಾಡಬೇಕಾದದ್ದು

1. ಪಂಪು ಹಾಕುವ ಮೊದಲು ಮೂರೂ ಫೇಸುಗಳ ವೋಲ್ಟೇಜ್ ನೋಡಬೇಕು. ಮೋಟಾರಿನ ಫಲಕದಲ್ಲಿ ತಿಳಿಸಿದ ಮಿತಿಗಿಂತ ಕಡಿಮೆಯಿದ್ದರೆ ಹಾಕಬಾರದು.

2. ಓಡುವಾಗ ಆಂಪಿಯರ್ ಫಲಕದಲ್ಲಿರುವುದನ್ನು ಮೀರಬಾರದು. ಓವರ್‌ಲೋಡ್ ರಿಲೇಯನ್ನು ಆ ಅಂಕಿಗೆ ತಕ್ಕಂತೆ ಇಡಿಸಬೇಕು. ಪದೇ ಪದೇ ಬೀಳುತ್ತದೆಂದು ಅದನ್ನು ಏರಿಸಬಾರದು.

3. ಪಂಪು ಓಡುತ್ತಿರುವಾಗ ಮೀಟರಿನ ಬಳಿಯೂ ಕೇಬಲಿನ ಬಾವಿಯ ತುದಿಯಲ್ಲೂ ವೋಲ್ಟೇಜ್ ಅಳೆಯಿಸಬೇಕು. ಮೀಟರಿನ ಬಳಿಯೇ ಕಡಿಮೆಯಿದ್ದರೆ ವಿದ್ಯುತ್ ಸರಬರಾಜು ನಿಗಮದ ಕಚೇರಿಗೆ ಬರೆದು ತಿಳಿಸಬೇಕು. ಬಾವಿಯ ಬಳಿ ಮಾತ್ರ ಕಡಿಮೆಯಿದ್ದರೆ ದೋಷ ಕೇಬಲಿನದು ಅಥವಾ ಸಡಿಲವಾದ ಜೋಡಣೆಯದು.

4. ಅಳತೆ ಮತ್ತು ರಿಪೇರಿಯನ್ನು ಪರವಾನಗಿ ಪಡೆದ ವೈರ್‌ಮನ್‌ನಿಂದಲೇ ಮಾಡಿಸಬೇಕು. ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಬಾರದು.

ದಿನಾಂಕ, ವೋಲ್ಟ್, ಆಂಪಿಯರ್ ಈ ಮೂರನ್ನು ಪಂಪಿನ ಮನೆಯಲ್ಲೇ ಒಂದು ಪುಸ್ತಕದಲ್ಲಿ ಬರೆದಿಡುವುದು ಉತ್ತಮ. ಆಂಪಿಯರ್ ದಿನೇ ದಿನೇ ಏರುತ್ತಿದ್ದರೆ, ಮೋಟಾರು ಸುಡುವ ಮೊದಲೇ ರೈತನಿಗೆ ಎಚ್ಚರಿಕೆ ಸಿಕ್ಕಂತಾಗುತ್ತದೆ.