ರಾಸಾಯನಿಕ ಎಂಜಿನಿಯರುಗಳ ಸಂಸ್ಥೆಗೂ ನಮ್ಮ ಹಾಲಿನ ಕ್ಯಾನಿಗೂ ಏನು ಸಂಬಂಧ?

(ಹೇರೋಹಳ್ಳಿಯಲ್ಲಿ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯಕೀಯ ವಿಸ್ತರಣಾಧಿಕಾರಿಯವರು ಮಾಡಿದ ಭಾಷಣ)



ನಾನು ಬಂದೆನೆಂದರೆ ಕೆಚ್ಚಲು ಬಾವು, ಕಾಲುಬಾಯಿ ಜ್ವರದ ಲಸಿಕೆ, ಜಂತುಹುಳುವಿನ ಔಷಧಿ ಇಷ್ಟರ ಮಾತೇ ಎಂದು ತಮಗೆ ಗೊತ್ತಿದೆ. ಈ ದಿನ ಬೇರೆ ವಿಷಯ ತಂದಿದ್ದೇನೆ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಎಂಜಿನಿಯರ್ಸ್ ಎಂಬ ಒಂದು ಸಂಸ್ಥೆ ಇದೆ. ಡಾ. ಹೀರಾಲಾಲ್ ರಾಯ್ ಅವರ ಮುಂದಾಳತ್ವದಲ್ಲಿ 1947ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ್ದು. ಬೆಂಗಳೂರಿನಲ್ಲೂ ಅದರ ಪ್ರಾದೇಶಿಕ ಕೇಂದ್ರವಿದೆ. ಉಪನ್ಯಾಸ, ಕಾರ್ಯಾಗಾರ ನಡೆಸುತ್ತಾರೆ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವಿದ್ಯಾರ್ಥಿ ಶಾಖೆಗಳನ್ನು ಇಟ್ಟಿದ್ದಾರೆ. ವರ್ಷಕ್ಕೊಮ್ಮೆ ಡಿಸೆಂಬರ್ ಕೊನೆಯಲ್ಲಿ ಕೆಮ್‌ಕಾನ್ ಎಂಬ ರಾಷ್ಟ್ರೀಯ ಸಮಾವೇಶ ಸೇರುತ್ತಾರೆ. 2011ರಲ್ಲಿ ಅದು ನಮ್ಮ ಎಂ.ಎಸ್. ರಾಮಯ್ಯ ಕಾಲೇಜಿನಲ್ಲಿಯೇ ನಡೆಯಿತು.

"ಅದಕ್ಕೂ ನಮ್ಮ ಕೊಟ್ಟಿಗೆಗೂ ಏನು ಸಾರ್?" ಎಂದು ತಾವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ.

ಹಾಲು ಕೆಚ್ಚಲಿನಿಂದ ಬರುವಾಗ ಸುಮಾರು 38 ಡಿಗ್ರಿ ಬಿಸಿ ಇರುತ್ತದೆ. ಆ ಬಿಸಿಯಲ್ಲಿ ರೋಗಾಣುಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ. ಅದಕ್ಕೇ ಶೀತಲೀಕರಣ ಘಟಕದಲ್ಲಿ 4 ಡಿಗ್ರಿಗೆ ಇಳಿಸುತ್ತಾರೆ. ಡೇರಿಯಲ್ಲಿ ಅದೇ ಹಾಲನ್ನು 72 ಡಿಗ್ರಿಗೆ ಏರಿಸಿ 15 ಸೆಕೆಂಡು ಹಿಡಿದು ಮತ್ತೆ ತಣಿಸುತ್ತಾರೆ. ಲಕ್ಷಗಟ್ಟಲೆ ಲೀಟರ್ ಹಾಲನ್ನು ಹೀಗೆ ಕಾಯಿಸಿ ತಣಿಸಬೇಕಾದರೆ ಎಷ್ಟು ಸೌದೆ, ಎಷ್ಟು ಕರೆಂಟು ಬೇಕು, ಯೋಚಿಸಿ. ಇಲ್ಲಿ ಒಂದು ಜಾಣತನವಿದೆ. ತೆಳುವಾದ ಉಕ್ಕಿನ ತಗಡುಗಳನ್ನು ಪುಸ್ತಕದ ಹಾಳೆಗಳಂತೆ ಜೋಡಿಸಿ, ಒಂದು ಸಂದಿಯಲ್ಲಿ ಬಿಸಿ ಹಾಲು, ಪಕ್ಕದ ಸಂದಿಯಲ್ಲಿ ತಣ್ಣನೆಯ ಹಾಲು ಹರಿಸುತ್ತಾರೆ. ಕಾದು ಹೊರಗೆ ಹೋಗುವ ಹಾಲು ಒಳಗೆ ಬರುವ ಹಾಲಿಗೆ ತನ್ನ ಬಿಸಿಯನ್ನು ಕೊಟ್ಟು ತಾನು ತಣ್ಣಗಾಗುತ್ತದೆ. ಬೇಕಾದ ಶಾಖದಲ್ಲಿ ಸುಮಾರು ಶೇಕಡಾ 90 ಹೀಗೇ ಉಳಿಯುತ್ತದೆ. ಇದು ಪಶುವೈದ್ಯನ ವಿದ್ಯೆಯಲ್ಲ, ಎಂಜಿನಿಯರನ ವಿದ್ಯೆ. ಹಾಲು ಪುಡಿಯಾಗುವುದೂ ಅವರ ಲೆಕ್ಕದಿಂದಲೇ. ಗುಜರಾತಿನ ಆನಂದದಲ್ಲಿ 1950ರ ದಶಕದಲ್ಲಿ ಎಚ್.ಎಂ. ದಲಾಯರು ಎಮ್ಮೆ ಹಾಲಿನಿಂದಲೂ ಪುಡಿ ತೆಗೆಯಬಹುದೆಂದು ತೋರಿಸದಿದ್ದರೆ, ಹಾಲು ಹೆಚ್ಚಾಗುವ ತಿಂಗಳುಗಳಲ್ಲಿ ಅಲ್ಲಿನ ಒಕ್ಕೂಟ ರೈತರ ಹಾಲನ್ನು ಏನು ಮಾಡಬೇಕಿತ್ತು?

ಡೇರಿಯ ಕೊಳವೆಗಳನ್ನು ಮೊದಲು ಕಾಸ್ಟಿಕ್ ಸೋಡಾ, ನಂತರ ಆಮ್ಲ ಹಾಯಿಸಿ ತೊಳೆಯುತ್ತಾರೆ. ಜಿಡ್ಡು ಕ್ಷಾರಕ್ಕೆ ಬಿಡುತ್ತದೆ, ಒಳಗೆ ಕಟ್ಟಿಕೊಳ್ಳುವ ಸುಣ್ಣದಂಥ ಬಿಳಿ ಪೊರೆ ಆಮ್ಲಕ್ಕೆ ಮಾತ್ರ ಬಿಡುತ್ತದೆ. ತಮ್ಮ ಕ್ಯಾನಿನ ಕತ್ತಿನಲ್ಲಿ ಉಗುರಿಗೆ ಸಿಗುವ ಪೊರೆಯೂ ಅದೇ. ಬರೀ ಸೋಪು ಹಾಕಿ ಎಷ್ಟು ಉಜ್ಜಿದರೂ ಹೋಗದು. ಇದು ಹಾಗಿರಲಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಾಲನ್ನು ಕಾಯಿಸಿದರೆ ರೋಗಾಣು ಸಾಯುತ್ತದೆ. ಸೀಸ ಸಾಯುವುದಿಲ್ಲ. ಕ್ರೋಮಿಯಂ ಸಾಯುವುದಿಲ್ಲ. ಹುಲ್ಲಿನ ಮೂಲಕ ರಾಸಿನ ಹೊಟ್ಟೆ ಸೇರಿದ ಲೋಹವನ್ನು ಯಾವ ಡೇರಿ ಯಂತ್ರವೂ ತೆಗೆಯಲಾರದು. ಅದನ್ನು ಕಾರ್ಖಾನೆಯ ಬಾಗಿಲಲ್ಲೇ ತಡೆಯಬೇಕು.

ಹೇರೋಹಳ್ಳಿ ಈಗ ಹೆಸರಿಗೆ ಮಾತ್ರ ಹಳ್ಳಿ. ಮಾಗಡಿ ರಸ್ತೆಯ ಎರಡೂ ಕಡೆ ಮನೆಗಳಾಗಿವೆ, ಪೀಣ್ಯ ಕೈಗಾರಿಕಾ ಪ್ರದೇಶವೂ ದೂರವಿಲ್ಲ. ಗೋಮಾಳ ಹೋಯಿತು, ಹಸು ಮಾತ್ರ ಶೀಟು ಹಾಕಿದ ಕೊಟ್ಟಿಗೆಯಲ್ಲಿ ಉಳಿಯಿತು. ಹುಲ್ಲು ಎಲ್ಲಿಂದ ಬರಬೇಕು? ರಾಜಕಾಲುವೆ ಪಕ್ಕದಿಂದ, ಕೊಳಚೆ ನೀರು ಹಾಯುವ ತಗ್ಗಿನಿಂದ. ಹಚ್ಚಹಸಿರಾಗಿ ಎದೆಮಟ್ಟ ಬೆಳೆದಿರುತ್ತದೆ, ನೋಡಿದರೆ ಯಾರಿಗೂ ಆಸೆಯಾಗುತ್ತದೆ. ಕೆಳಗಡೆ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ವೃಷಭಾವತಿಯ ನೀರೇ ಬರುತ್ತದೆ. ಅಲ್ಲಿ ಎಷ್ಟೋ ರೈತರು ಮೊದಲಿನ ಬೆಳೆ ಬಿಟ್ಟು ಮೇವಿನ ಹುಲ್ಲಿಗೆ, ಹೈನಿಗೆ ತಿರುಗಿದ್ದಾರೆ. ಅವರನ್ನು ದೂರುವವನು ನಾನಲ್ಲ. ಆ ನೀರಿಗೆ ಬೇರೇನೂ ಸರಿಯಾಗಿ ಬರುವುದಿಲ್ಲ.

ಕೊಳಚೆ ನೀರಿನ ಹುಲ್ಲಿನಲ್ಲಿ ಮೊದಲ ಅಪಾಯ ನೈಟ್ರೇಟು. ದಂಟಿನ ಬುಡದಲ್ಲಿ ಹೆಚ್ಚು ಕೂಡಿರುತ್ತದೆ. ಹಸಿದ ಹಸು ಅದನ್ನು ಗಬಗಬನೆ ತಿಂದರೆ ಕೆಲವೇ ಗಂಟೆಗಳಲ್ಲಿ ಏದುಸಿರು ಬಿಡುತ್ತದೆ, ತತ್ತರಿಸುತ್ತದೆ, ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ. ತಕ್ಷಣ ವೈದ್ಯರು ಮಿಥಿಲೀನ್ ಬ್ಲೂ ಕೊಟ್ಟರೆ ಉಳಿಯುತ್ತದೆ, ತಡವಾದರೆ ಇಲ್ಲ. ಆದ್ದರಿಂದ ಬುಡ ಬಿಟ್ಟು ಮೇಲಕ್ಕೆ ಕೊಯ್ಯಿರಿ, ಮೊದಲು ರಾಗಿ ಹುಲ್ಲು ಹಾಕಿ ನಂತರ ಹಸಿರು ಕೊಡಿ. ಒಣಗಿಸಿದರೆ ನೈಟ್ರೇಟು ಹೋಗುವುದಿಲ್ಲ. ರಸಮೇವು ಮಾಡಿದರೆ ಸಾಕಷ್ಟು ಇಳಿಯುತ್ತದೆ.

ಸೀಸದ ವಿಷ ಬೇರೆ ತರಹ. ಹಳೇ ಬ್ಯಾಟರಿ ಒಡೆದ ಜಾಗ, ಬಣ್ಣದ ಡಬ್ಬ, ಗುಜರಿ ಬೂದಿ ಇರುವಲ್ಲಿ ಕರುಗಳು ನೆಕ್ಕುತ್ತವೆ. ಕಣ್ಣು ಕಾಣದಂತಾಗಿ, ಹಲ್ಲು ಕಡಿಯುತ್ತಾ, ಗೋಡೆಗೆ ತಲೆ ಒತ್ತಿ ನಿಲ್ಲುತ್ತವೆ. ಹುಚ್ಚುನಾಯಿ ಕಡಿದಿದೆ ಎಂದು ಎಷ್ಟೋ ಮಂದಿ ತಿಳಿಯುತ್ತಾರೆ. ಎರಡರಲ್ಲಿ ಯಾವುದೇ ಇರಲಿ, ಬಾಯಿಗೆ ಕೈ ಹಾಕಬೇಡಿ, ವೈದ್ಯರನ್ನು ಕರೆಯಿರಿ. ಇಂಥ ರಾಸಿನ ಹಾಲನ್ನು ಸಂಘಕ್ಕೆ ಹಾಕಬೇಡಿ.

ಮೆರುಗು ಲೇಪನದ ಸಣ್ಣ ಘಟಕಗಳು ಪೀಣ್ಯದಲ್ಲಿ ಬಹಳ. ಅಲ್ಲಿಯ ಅಂತರ್ಜಲದಲ್ಲಿ ಕ್ರೋಮಿಯಂ ಇರುವುದು ಪರೀಕ್ಷೆಗಳಲ್ಲಿ ಕಂಡ ಸಂಗತಿ. ಇದಕ್ಕೆ ಉಪಾಯವಿಲ್ಲವೇ? ಇದೆ, ಹಳೆಯದೇ. ತ್ಯಾಜ್ಯ ನೀರನ್ನು ಹುಳಿ ಮಾಡಿ, ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಕ್ರೋಮಿಯಂನ ವಿಷಗುಣ ತಗ್ಗಿಸುತ್ತಾರೆ. ಆಮೇಲೆ ಸುಣ್ಣ ಹಾಕಿದರೆ, ಹಾಲು ಒಡೆದು ಗಟ್ಟಿ ಬೇರೆ ನೀರು ಬೇರೆ ಆಗುವಂತೆ, ಲೋಹ ಕೆಸರಾಗಿ ತಳಕ್ಕೆ ಇಳಿಯುತ್ತದೆ. ಆ ಕೆಸರನ್ನು ಎಲ್ಲೋ ಸುರಿಯದೆ ಸರಿಯಾದ ಜಾಗಕ್ಕೆ ಸಾಗಿಸಬೇಕು. ವಿದ್ಯೆ ಇದೆ, ಖರ್ಚು ಮಾಡುವ ಮನಸ್ಸು ಸಾಲದು.

ನಮ್ಮ ಮನೆಯ ತಪ್ಪನ್ನೂ ಹೇಳಬೇಕು. ಒಂದು ಲೀಟರ್ ಹಾಲು ಕೆರೆಗೆ ಸೇರಿದರೆ ಅದು ಕೊಳೆಯುವಾಗ ಸುಮಾರು 100 ಗ್ರಾಂ ಆಮ್ಲಜನಕ ಹೀರುತ್ತದೆ. ಒಳ್ಳೆಯ ಕೆರೆ ನೀರಿನಲ್ಲಿ ಲೀಟರಿಗೆ 8 ಮಿಲಿಗ್ರಾಂ ಇದ್ದರೆ ಹೆಚ್ಚು. ಅಂದರೆ ಒಂದು ಲೀಟರ್ ಹಾಲು 12,000 ಲೀಟರ್ ನೀರಿನ ಉಸಿರು ಕಟ್ಟಿಸಬಲ್ಲದು. ಕೆಟ್ಟ ಹಾಲನ್ನು ಚರಂಡಿಗೆ ಚೆಲ್ಲದೆ ತಿಪ್ಪೆಗೆ ಹಾಕಿರಿ.

ಈ ಸಂಸ್ಥೆಯಂಥವರ ಸಭೆಗಳಲ್ಲಿ ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಕೇಳುವವರೂ ಎಂಜಿನಿಯರುಗಳೇ. ಅವರು ತಾವಾಗಿ ನಮ್ಮ ಸಂಘದ ಬಾಗಿಲಿಗೆ ಬರಲಿ ಎಂದು ಕಾಯುವುದು ಬೇಡ, ನಾವೇ ಕರೆಯೋಣ. ಮೈಸೂರು ರಸ್ತೆಯ ಆರ್.ವಿ. ಕಾಲೇಜಿನಲ್ಲಿ ರಾಸಾಯನಿಕ ಎಂಜಿನಿಯರಿಂಗ್ ವಿಭಾಗವಿದೆ, ಕೊನೆಯ ವರ್ಷದ ಹುಡುಗರಿಗೆ ಪ್ರಾಜೆಕ್ಟ್ ಬೇಕೇ ಬೇಕು. ಅಂಥ ಪ್ರಾಜೆಕ್ಟುಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಧನಸಹಾಯವನ್ನೂ ಕೊಡುತ್ತದೆ. ನಮ್ಮ ಹುಲ್ಲಿನ ತಗ್ಗುಗಳ ನೀರು, ಮಣ್ಣು, ಹುಲ್ಲು, ಹಾಲು ಇಷ್ಟನ್ನೂ ಒಂದು ವರ್ಷ ಪರೀಕ್ಷಿಸಿಕೊಡಿ ಎಂದು ಕಾರ್ಯದರ್ಶಿಗಳು ಸಂಘದ ಲೆಟರ್‌ಹೆಡ್ಡಿನಲ್ಲಿ ಪತ್ರ ಬರೆಯಬೇಕು. ಸಂಸ್ಥೆಯ ಬೆಂಗಳೂರು ಕೇಂದ್ರಕ್ಕೂ ಒಂದು ಪ್ರತಿ ಹೋಗಲಿ. ಪತ್ರದ ಕರಡನ್ನು ನಾನು ಬರೆದುಕೊಡುತ್ತೇನೆ.

ಅಲ್ಲಿಯವರೆಗೆ ನೀರಿನ ಮಾದರಿ ತೆಗೆಯುವ ಕ್ರಮ ಹೇಳಿಬಿಡುತ್ತೇನೆ. ಒಂದು ಲೀಟರಿನ ಶುಭ್ರ ಪ್ಲಾಸ್ಟಿಕ್ ಬಾಟಲಿ ಸಾಕು. ಅದೇ ನೀರಿನಿಂದ ಮೂರು ಸಲ ಗಲಬರಿಸಿ ಚೆಲ್ಲಿ. ನಾಲ್ಕನೆಯ ಸಲ ಕತ್ತಿನವರೆಗೆ ತುಂಬಿಸಿ ಮುಚ್ಚಳ ಬಿಗಿಯಿರಿ. ಜಾಗ, ತಾರೀಖು, ಹೊತ್ತು ಬರೆದು ಅಂಟಿಸಿ. ನೆರಳಲ್ಲಿ, ಆದರೆ ಐಸ್ ಪೆಟ್ಟಿಗೆಯಲ್ಲಿ ಇಟ್ಟು, ಅದೇ ದಿನ ಪ್ರಯೋಗಾಲಯಕ್ಕೆ ತಲುಪಿಸಿ. ಚರಂಡಿ ನೀರಿನ ಬಣ್ಣ ರಾತ್ರಿ ಬದಲಾಗುತ್ತದೆ ಎಂದು ಕೆಲವರು ಹೇಳಿದಿರಿ. ಹಾಗಿದ್ದರೆ ರಾತ್ರಿಯದೇ ಒಂದು ಬಾಟಲಿ ಬೇರೆ ತುಂಬಿಸಿ.