ಪ್ಲಾಂಟಿನಿಂದ ಎಂಬಿಎ ತರಗತಿಗೆ



ಬಯೋಟೆಕ್ ಕಲಿತು ಮುಂಬಯಿ ಬಳಿಯ ಠಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಗಳಿಗೆ ಸೇರಿದ ಮಕ್ಕಳು ಈಗ ನಮ್ಮ ಮನೆಗಳಲ್ಲೂ ಇದ್ದಾರೆ. ರಬಾಳೆಯಲ್ಲಿ ರಿಲಯನ್ಸ್ ಲೈಫ್ ಸೈನ್ಸಸ್‌ನ ದೊಡ್ಡ ಕೇಂದ್ರವಿದೆ. ಬೇಲಾಪುರದ ಡಿ. ವೈ. ಪಾಟೀಲ ಸಂಸ್ಥೆಯಲ್ಲಿ ಈ ವಿಷಯಕ್ಕೇ ಒಂದು ಕಾಲೇಜಿದೆ. ಡೊಂಬಿವಲಿಯಲ್ಲಿ ಲೋಕಲ್ ಹತ್ತಿ, ಠಾಣೆಯಲ್ಲಿ ಗಾಡಿ ಬದಲಿಸಿ, ಐರೋಳಿ ದಾಟಿ ಇಳಿಯುವ ಈ ತರುಣ ತರುಣಿಯರಿಗೆ ಮೂರು ನಾಲ್ಕು ವರ್ಷ ಕೆಲಸ ಮಾಡಿದ ಮೇಲೆ ಒಂದು ಪ್ರಶ್ನೆ ಎದುರಾಗುತ್ತದೆ: ಮುಂದೆ ಪಿಎಚ್‌ಡಿಯೋ, ಎಂಬಿಎಯೋ? ಎಂಬಿಎ ಎನ್ನುವವರಿಗಾಗಿ ಇವತ್ತಿನ ಮಾತು.

ಬಯೋಟೆಕ್‌ನವರಿಗೆ ಎಂಬಿಎ ಯಾಕೆ ಎಂದು ಹಿರಿಯರು ಕೇಳುವುದುಂಟು. ಬೆಂಗಳೂರಿನ ಬಯೋಕಾನ್ ಕಂಪನಿಯ ಒಂದು ಉದಾಹರಣೆ ನೋಡಿ. ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮ್ಯಾಬ್ ಎಂಬ ಔಷಧದ ತನ್ನ ರೂಪವನ್ನು ಅದು 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2017ರ ಡಿಸೆಂಬರಿನಲ್ಲಿ. ಅಲ್ಲಿ ಮಾರಾಟಕ್ಕೆ ಮೈಲಾನ್ ಎಂಬ ಕಂಪನಿ ಜೊತೆಗಿತ್ತು. ಪಾಲುದಾರರನ್ನು ಹುಡುಕುವುದು, ಬೆಲೆ ಕಟ್ಟುವುದು, ವರ್ಷಗಟ್ಟಲೆ ಹಣ ಹೂಡಿ ಕಾಯುವುದು, ಇವೆಲ್ಲ ಪ್ರಯೋಗಾಲಯದ ಆಚೆಗಿನ ಕೆಲಸ. ಔಷಧ ತಯಾರಾಗುವ ಬಗೆ ಗೊತ್ತಿದ್ದು ಇವನ್ನೂ ಬಲ್ಲವರು ನಮ್ಮಲ್ಲಿ ಇನ್ನಷ್ಟು ಬೇಕು. ಹಾಗೆಂದು ಎಂಬಿಎ ಒಂದೇ ದಾರಿಯೇನಲ್ಲ. 1978ರಲ್ಲಿ ಬಯೋಕಾನ್ ಕಟ್ಟಿದ ಕಿರಣ್ ಮಜುಂದಾರ್ ಷಾ ಅವರು ಓದಿದ್ದು ಬಿಯರ್ ತಯಾರಿಕೆಯ ಶಾಸ್ತ್ರ. ಆದರೆ ಎಂಜಿನಿಯರಿಂಗ್ ಮುಗಿಸಿ ಐಐಎಂ ಹಾದಿ ಹಿಡಿದವರ ಪರಂಪರೆಯೂ ನಮ್ಮಲ್ಲಿ ಹಳೆಯದು. ಮಂಗಳೂರಿನ ಕೆ. ವಿ. ಕಾಮತ್ ಅವರು ಸುರತ್ಕಲ್ ಕೆಆರ್‌ಇಸಿಯಲ್ಲಿ ಮೆಕ್ಯಾನಿಕಲ್ ಓದಿ, ಅಹಮದಾಬಾದ್ ಐಐಎಂಗೆ ಹೋಗಿ, 1971ರಲ್ಲಿ ಐಸಿಐಸಿಐ ಸೇರಿದರು.

ಪರೀಕ್ಷೆಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಐಐಎಂಗಳ ಎರಡು ವರ್ಷದ ಕೋರ್ಸಿಗೆ ಕ್ಯಾಟ್ ಬೇಕು. ಅದು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ಕೊನೆಗೆ. ಎರಡು ಗಂಟೆ, ಮೂರು ವಿಭಾಗ. ಹೈದರಾಬಾದಿನ ಐಎಸ್‌ಬಿ, ಐಐಎಂಗಳ ಒಂದು ವರ್ಷದ ಕೋರ್ಸುಗಳು ಮತ್ತು ವಿದೇಶದ ಬಹುತೇಕ ಶಾಲೆಗಳು ಜಿಮ್ಯಾಟ್ ಅಥವಾ ಜಿಆರ್‌ಇ ಅಂಕ ಕೇಳುತ್ತವೆ. ಈಗಿನ ಜಿಮ್ಯಾಟ್‌ನಲ್ಲಿ 45 ನಿಮಿಷದ ಮೂರು ವಿಭಾಗ, ಗರಿಷ್ಠ ಅಂಕ 805. ಅಂಕ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಶಿಫ್ಟ್ ಡ್ಯೂಟಿ ಮಾಡುವವರಿಗೆ ಇದು ಅನುಕೂಲ, ದಿನಾಂಕವನ್ನು ತಾವೇ ಆರಿಸಿಕೊಳ್ಳಬಹುದು. ಒಂದು ಮಾತು ನೆನಪಿರಲಿ. ಎಂಜಿನಿಯರ್ ಅಲ್ಲದವರಿಗೆ ಕೆಲವು ಐಐಎಂಗಳು ಕೊಡುವ ಹೆಚ್ಚುವರಿ ಅಂಕ ಬಯೋಟೆಕ್ ಬಿ.ಟೆಕ್‌ನವರಿಗೆ ಸಿಗುವುದಿಲ್ಲ. ಅವರೂ ಎಂಜಿನಿಯರುಗಳ ಲೆಕ್ಕಕ್ಕೇ.

ಅಂಕದಿಂದ ಬಾಗಿಲವರೆಗೆ ಹೋಗಬಹುದು. ಒಳಗೆ ಕರೆಯುವುದು ನೀವು ಬರೆಯುವ ಪ್ರಬಂಧ ಮತ್ತು ಸಂದರ್ಶನ. ನಮ್ಮ ಮಕ್ಕಳು ಎಡವುವುದೂ ಇಲ್ಲೇ. ಪ್ಲಾಂಟಿನ ಕೆಲಸ ಸಣ್ಣದು, ಅದನ್ನು ಹೇಳಿದರೆ ಯಾರು ಕೇಳುತ್ತಾರೆ ಎಂದು ನಾಯಕತ್ವ, ಜಾಗತಿಕ ದೃಷ್ಟಿ ಮುಂತಾದ ಪದಗಳನ್ನು ತುಂಬುತ್ತಾರೆ. ಇಲ್ಲವಾದರೆ ಯಂತ್ರಗಳ ಹೆಸರನ್ನೆಲ್ಲ ಬರೆದು ಬಿಡುತ್ತಾರೆ.

ಒಬ್ಬ ಹುಡುಗಿ ಇದ್ದಾಳೆ ಅಂದುಕೊಳ್ಳಿ. ರಾತ್ರಿ ಪಾಳಿಯಲ್ಲಿ ಬಯೋರಿಯಾಕ್ಟರ್ ನೋಡಿಕೊಳ್ಳುವುದು ಅವಳ ಕೆಲಸ. ಅದು ಸ್ಟೀಲಿನ ದೊಡ್ಡ ಪಾತ್ರೆ, ಒಳಗೆ ಜೀವಕೋಶಗಳು ಔಷಧದ ಪ್ರೋಟೀನ್ ತಯಾರಿಸುತ್ತಿರುತ್ತವೆ. ಚಿಕ್ಕ ಬಾಟಲಿಯಿಂದ ಬೆಳೆಸುತ್ತ ಇಲ್ಲಿಗೆ ತರಲು ವಾರಗಳೇ ಹಿಡಿದಿವೆ. ಈ ಕೋಶಗಳು ದುಪ್ಪಟ್ಟಾಗಲು ಹೆಚ್ಚು ಕಡಿಮೆ ಒಂದು ದಿನ ಬೇಕು. ಬ್ಯಾಕ್ಟೀರಿಯಾ ಒಳಹೊಕ್ಕರೆ ಅದಕ್ಕೆ ಅರ್ಧ ಗಂಟೆ ಸಾಕು. ನಡುರಾತ್ರಿ ಪರದೆಯ ಮೇಲೆ ಕರಗಿದ ಆಮ್ಲಜನಕದ ಗೆರೆ ಸರ್ರನೆ ಇಳಿಯುತ್ತದೆ, ಪಿಎಚ್ ಕೂಡ ಜಾರುತ್ತದೆ. ಸೆನ್ಸರ್ ಕೆಟ್ಟಿದೆಯೋ, ಬ್ಯಾಚ್ ಕೆಟ್ಟಿದೆಯೋ? ಸ್ಯಾಂಪಲ್ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಮ್ಯಾನೇಜರನ್ನು ಎಬ್ಬಿಸಬೇಕು, ಬ್ಯಾಚ್ ರೆಕಾರ್ಡಿನಲ್ಲಿ ಕಂಡದ್ದನ್ನು ಕಂಡ ಹಾಗೆಯೇ ಬರೆಯಬೇಕು. ಬ್ಯಾಚ್ ಚೆಲ್ಲುವುದೆಂದರೆ ದೊಡ್ಡ ನಷ್ಟ. ಚೆಲ್ಲಬೇಕೆಂಬ ಮಾತನ್ನು ಹಿರಿಯರ ಮುಂದೆ ಮೊದಲು ಆಡಬೇಕಾದವಳು ಅವಳು.

ಪ್ರಬಂಧಕ್ಕೆ ಬೇಕಾದದ್ದು ಇದೇ. ಅರ್ಧ ಮಾಹಿತಿಯಲ್ಲಿ ಏನು ತೀರ್ಮಾನಿಸಿದಳು, ಒಪ್ಪದವರನ್ನು ಹೇಗೆ ಒಪ್ಪಿಸಿದಳು, ಮುಂದೆ ಹಾಗಾಗದಂತೆ ಏನು ಬದಲಾಯಿಸಿದಳು ಎಂಬುದನ್ನು ಬರೆಯಲಿ. ವಿಜ್ಞಾನ ಓದದ ದೊಡ್ಡಮ್ಮನಿಗೂ ಅರ್ಥವಾಗುವ ಹಾಗೆ ಬರೆಯಲಿ, ಅರ್ಜಿ ಓದುವವರಲ್ಲಿ ಬಯೋಟೆಕ್ ಬಲ್ಲವರು ಅಪರೂಪ. ಕಂಪನಿಯ ಗುಟ್ಟು, ಉತ್ಪನ್ನದ ಹೆಸರು, ಅಂಕಿಅಂಶ ಮಾತ್ರ ಬೇಡ. ಕೊನೆಯಲ್ಲಿ ತನಗೆ ಗೊತ್ತಿಲ್ಲದ್ದು ಏನು, ಅದನ್ನು ಕಲಿಯಲು ಈ ಶಾಲೆಯೇ ಯಾಕೆ ಎಂಬುದು ಬರಬೇಕು. ಆರೋಗ್ಯ ಕ್ಷೇತ್ರದ ಆಡಳಿತವನ್ನೇ ವಿಶೇಷವಾಗಿ ಕಲಿಸುವ ವಾರ್ಟನ್, ಜೀವವಿಜ್ಞಾನ ಹಾಗೂ ಎಂಬಿಎ ಸೇರಿಸಿ ಜೋಡಿ ಪದವಿ ಕೊಡುವ ಹಾರ್ವರ್ಡ್ ಇಂಥವರಿಗೆ ಸಹಜವಾದ ಆಯ್ಕೆ.

ಶಿಫಾರಸು ಪತ್ರದ ಸಂಕಟ ಬೇರೆ. ಅದನ್ನು ಕೇಳಿದರೆ ಕೆಲಸ ಬಿಡುವ ಸುದ್ದಿ ಮುಂಚೆಯೇ ಹೊರಬೀಳುತ್ತದೆ. ಈಗಿನ ಬಾಸ್‌ಗೆ ಹೇಳುವಂತಿಲ್ಲವಾದರೆ, ನಿಮ್ಮ ಕೆಲಸವನ್ನು ಹತ್ತಿರದಿಂದ ನೋಡಿದ ಹಿಂದಿನ ಮ್ಯಾನೇಜರನ್ನು ಕೇಳಿ. ಹುದ್ದೆಯ ಹೊಳಪು ನೋಡಿ ಪರಿಚಯವಿಲ್ಲದ ನಿರ್ದೇಶಕರ ಹತ್ತಿರ ಹೋಗಬೇಡಿ.

ಇನ್ನು ದುಡ್ಡು. ಬ್ಯಾಂಕುಗಳ ಸಾಮಾನ್ಯ ಶಿಕ್ಷಣ ಸಾಲ ಯೋಜನೆಯಲ್ಲಿ ಏಳೂವರೆ ಲಕ್ಷ ರೂಪಾಯಿ ದಾಟಿದರೆ ಆಸ್ತಿ ಅಡವಿಡಬೇಕು. ಹೆಸರಾಂತ ದೇಶೀ ಸಂಸ್ಥೆಗಳಿಗೆ ಕೆಲವು ಬ್ಯಾಂಕುಗಳು ಅಡಮಾನವಿಲ್ಲದೆಯೂ ಕೊಡುತ್ತವೆ. ವಿದೇಶಕ್ಕೆ ಹೊರಟಾಗ ಡೊಂಬಿವಲಿಯ, ಕಲ್ಯಾಣದ ಎಷ್ಟೋ ಮನೆಗಳಲ್ಲಿ ಅಡವಿಡಲು ಇರುವುದು ಅಪ್ಪ ಅಮ್ಮ ಕಂತು ಕಟ್ಟಿ ಉಳಿಸಿದ ಒಂದೇ ಫ್ಲ್ಯಾಟು. ಅಗ್ರ ಶಾಲೆಯಲ್ಲಿ ಸೀಟು ಸಿಕ್ಕಿ, ಒಂದಿಷ್ಟು ವಿದ್ಯಾರ್ಥಿವೇತನವೂ ಬಂದರೆ ಆ ಸಾಹಸಕ್ಕೆ ಅರ್ಥವಿದೆ. ಹೆಸರೇ ಕೇಳಿರದ ಶಾಲೆಗಾಗಿ ಮನೆಯನ್ನು ಪಣಕ್ಕಿಡುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮನೆಯ ಹತ್ತಿರವೂ ಕಣ್ಣು ಹಾಯಿಸಿ. ಪವಾಯಿಯ ನಿಟಿ 2023ರಲ್ಲಿ ಐಐಎಂ ಮುಂಬಯಿ ಆಯಿತು. ಕಾರ್ಖಾನೆ, ಸರಬರಾಜುಗಳ ಆಡಳಿತ ಅದರ ಹಳೆಯ ಶಕ್ತಿ, ಪ್ಲಾಂಟಿನಿಂದ ಬಂದವರಿಗೆ ಹೇಳಿ ಮಾಡಿಸಿದ್ದು. ಚರ್ಚ್‌ಗೇಟಿನ ಜಮ್ನಾಲಾಲ್ ಬಜಾಜ್ ಸಂಸ್ಥೆಯನ್ನು ಮುಂಬಯಿ ವಿಶ್ವವಿದ್ಯಾಲಯ 1965ರಲ್ಲಿ ಶುರು ಮಾಡಿತು. ಅದಕ್ಕೆ ರಾಜ್ಯದ ಸಿಇಟಿ ಬರೆಯಬೇಕು. ಸೀಟು ಸಿಗುವುದು ಕಷ್ಟವೇ, ಆದರೆ ಶುಲ್ಕ ಐಐಎಂಗಳಿಗಿಂತ ಬಹಳ ಕಡಿಮೆ. ಮನೆಯಿಂದಲೇ ಲೋಕಲ್‌ನಲ್ಲಿ ಹೋಗಿಬಂದು ಓದಬಹುದು.